ಲ್ಯಾಬಿನ ಪುಟ್ಟ ಪ್ರೋಗ್ರಾಮಿಗೆ ಯಾವ ಜಿಯುಐ?

ಕೇಳುಗರಿಗೆ ನಮಸ್ಕಾರ.

ಕಾಲೇಜಿನ ಭೌತಶಾಸ್ತ್ರದ ಲ್ಯಾಬ್ ಅಂದುಕೊಳ್ಳಿ. ಬಿಸಿನೀರು ಆರುತ್ತಿದೆ. ಆರ್ಡುಯಿನೋ ಅನ್ನುವ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಜೋಡಿಸಿದ ಸೆನ್ಸರ್ ಸೆಕೆಂಡಿಗೊಂದು ಅಂಕಿಯನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಕಳಿಸುತ್ತಿದೆ. ನಮಗೆ ಬೇಕಾದದ್ದು ಶುರು, ನಿಲ್ಲಿಸು ಅನ್ನುವ ಎರಡು ಬಟನ್, ಒಂದು ಗ್ರಾಫ್, ಅಂಕಿಗಳನ್ನು ಫೈಲಿಗೆ ಉಳಿಸುವ ದಾರಿ. ಪೈಥಾನ್‌ನಲ್ಲಿ ಬರೆಯುವುದಾದರೆ ಇದಕ್ಕೆ, ಅಂದರೆ ವಿಂಡೋ, ಬಟನ್ ಇರುವ ಜಿಯುಐ ಕಟ್ಟಲು, ಯಾವ ಲೈಬ್ರರಿ?

ನನ್ನನ್ನು ಕೇಳಿದರೆ ಟಿಕೆ-ಇಂಟರ್. ನೋಡೋಕೆ ಹಳೇ ಕಾಲದ್ದು, ಒಪ್ಪಿದೆ. ಅದರ ಬುಡದಲ್ಲಿರುವ ಟಿಕೆಯನ್ನು ಜಾನ್ ಔಸ್ಟರ್‌ಹೌಟ್ ಬರ್ಕ್ಲಿಯಲ್ಲಿ ಬರೆದದ್ದೇ 1990ರ ಆಸುಪಾಸಿನಲ್ಲಿ. ಆದರೆ ವಿಂಡೋಸ್‌ಗೆ ಪೈಥಾನ್ ಹಾಕಿದರೆ ಜೊತೆಗೇ ಬರುತ್ತದೆ. ಪೋರ್ಟ್ ಓದಲು ಪೈಸೀರಿಯಲ್, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್ ಹಾಕಿಕೊಂಡರೆ ಮುಗಿಯಿತು.

ಹೊಸಬರು ಎಡವುವುದು ಬೇರೆ ಕಡೆ. ಅಂಕಿ ಓದು, ಒಂದು ಸೆಕೆಂಡ್ ಸ್ಲೀಪ್, ಮತ್ತೆ ಓದು ಅಂತ ವೈಲ್ ಲೂಪ್ ಬರೆಯುತ್ತಾರೆ. ವಿಂಡೋ ಬಿಳಿಚಿಕೊಂಡು ‘ನಾಟ್ ರೆಸ್ಪಾಂಡಿಂಗ್’ ಅನ್ನುತ್ತದೆ. ಆಗ ಸುಮ್ನೆ ಲೈಬ್ರರಿಗೆ ಬೈಗುಳ! ಬಟನ್ ಒತ್ತಿದ್ದನ್ನು ಗಮನಿಸುವುದು, ಪರದೆಯನ್ನು ಮತ್ತೆ ಬರೆಯುವುದು ಎಲ್ಲ ಟಿಕೆ-ಇಂಟರ್ ಒಳಗೇ ಸದಾ ಸುತ್ತುತ್ತಿರುವ ಮೇನ್‌ಲೂಪ್ ಕೆಲಸ. ನಿಮ್ಮ ಲೂಪ್ ಅದಕ್ಕೆ ಸರದಿಯನ್ನೇ ಬಿಡುತ್ತಿಲ್ಲ, ಅಲ್ವಾ? ಇಷ್ಟು ಹೊತ್ತಾದ ಮೇಲೆ ಈ ಫಂಕ್ಷನ್ ಓಡಿಸು ಅಂತ ಮೇನ್‌ಲೂಪಿಗೆ ಹೇಳಲು ‘ಆಫ್ಟರ್’ ಅನ್ನುವ ಮೆಥಡ್ ಇದೆ. ಅದಕ್ಕೆ 1000 ಮಿಲಿಸೆಕೆಂಡ್ ಅಂತ ಹೇಳಿ, ಓದುವ ಫಂಕ್ಷನ್ನಿನ ಹೆಸರು ಕೊಡಿ. ಆ ಫಂಕ್ಷನ್ನಿನ ಕೊನೆಯಲ್ಲಿ ಮತ್ತೆ ಅದೇ ಆಫ್ಟರ್. ಪೋರ್ಟ್ ತೆರೆಯುವಾಗ ಚಿಕ್ಕ ಟೈಮ್‌ಔಟ್ ಕೊಡಿ. ಇಲ್ಲದಿದ್ದರೆ ಅಂಕಿ ಬರುವುದು ನಿಂತ ದಿನ ಪ್ರೋಗ್ರಾಂ ಅಲ್ಲೇ ಕಾಯುತ್ತಾ ಕೂರುತ್ತದೆ. ಕ್ಯೂಟಿ ಅನ್ನುವ ಇನ್ನೊಂದು, ದೊಡ್ಡ ಜಿಯುಐ ಲೈಬ್ರರಿಗೆ ಹೋದರೂ ಈ ಕಾಯಿಲೆ ತಪ್ಪಿದ್ದಲ್ಲ. ಅಲ್ಲಿ ಮದ್ದಿನ ಹೆಸರು ಕ್ಯೂಟೈಮರ್, ಅಷ್ಟೇ.

ಹಾಗಾದರೆ ಕ್ಯೂಟಿ ಯಾವಾಗ? ಸೆಕೆಂಡಿಗೆ ಸಾವಿರಾರು ಅಂಕಿ ಬರುವಾಗ. ಮ್ಯಾಟ್‌ಪ್ಲಾಟ್‌ಲಿಬ್ ವರದಿಗೆ ಅಂಟಿಸುವಂಥ ಚೆಂದದ ಚಿತ್ರ ಕೊಡುತ್ತದೆ, ಆದರೆ ಓಡುವ ಗ್ರಾಫ್ ಅಂದರೆ ಏದುಸಿರು ಬಿಡುತ್ತದೆ. ಅಲ್ಲಿ ಕ್ಯೂಟಿ ಮೇಲೆ ಕಟ್ಟಿದ ಪೈಕ್ಯೂಟಿಗ್ರಾಫ್ ಜಾಸ್ತಿ ಚುರುಕು. ಲೈಸೆನ್ಸ್ ಮಾತ್ರ ನೋಡಿಕೊಳ್ಳಿ. ಕ್ಯೂಟಿಯನ್ನು ಪೈಥಾನ್‌ನಿಂದ ಬಳಸಲು ಎರಡು ದಾರಿ, ಪೈಕ್ಯೂಟಿ ಮತ್ತು ಪೈಸೈಡ್. ಪೈಕ್ಯೂಟಿ ಜಿಪಿಎಲ್‌ನಲ್ಲಿದೆ, ಅಂದರೆ ಪ್ರೋಗ್ರಾಂ ಹಂಚಿದರೆ ಅದರ ಕೋಡನ್ನೂ ಕೊಡಬೇಕು. ಅದು ಬೇಡವೆಂದರೆ ದುಡ್ಡು ಕೊಡಬೇಕು. ಪೈಸೈಡ್ ಎಲ್‌ಜಿಪಿಎಲ್ ಅನ್ನುವ ಸಡಿಲ ಲೈಸೆನ್ಸಿನಲ್ಲೂ ಸಿಗುತ್ತದೆ. ಕೋಡ್ ತೋರಿಸದೆ ಮಾರುವ ಯೋಚನೆಯಿದ್ದರೆ ಪೈಸೈಡ್ ವಾಸಿ.

ಇನ್ನೊಂದು ವಿಷಯ, ಇದು ನಮ್ಮಂಥವರಿಗೇ. ಬಟನ್ ಮೇಲೆ ಕನ್ನಡ ಬೇಕಾ? ಲಿನಕ್ಸ್‌ನಲ್ಲಿ ಟಿಕೆ 8.6 ಒತ್ತಕ್ಷರಗಳನ್ನು ಜೋಡಿಸುವುದಿಲ್ಲ. ‘ಉಷ್ಣತೆ’ ಅಂತ ಬರೆದರೆ ಷ ಬೇರೆ, ಣ ಬೇರೆಯಾಗಿ ನಿಲ್ಲುತ್ತವೆ. ಕ್ಯೂಟಿ ಸರಿಯಾಗಿ ತೋರಿಸುತ್ತದೆ. ಕನ್ನಡ ಶಾಲೆಯ ಮಕ್ಕಳಿಗಾಗಿ ಬರೆಯುತ್ತಿದ್ದು, ಲ್ಯಾಬಿನಲ್ಲಿ ಲಿನಕ್ಸ್ ಇದ್ದರೆ, ಎರಡೇ ಬಟನ್ನಿನ ಪ್ರೋಗ್ರಾಮಿಗೂ ಕ್ಯೂಟಿಯನ್ನೇ ಹಿಡಿಯಿರಿ.

ನಮಸ್ಕಾರ.