ಸಾಲ ಮಾಡದವರಿಗೆ ಸ್ಕೋರ್ ಎಲ್ಲಿಂದ ಬರಬೇಕು?

ಕೇಳುಗರಿಗೆ ನಮಸ್ಕಾರ. ಸಂಬಳ ಕಮ್ಮಿ ಇದ್ದರೆ, ಸಾಲ ಕೊಡುವ ಮೊದಲು ಬ್ಯಾಂಕಿನವರು ನೋಡುವ ಸಿಬಿಲ್ ಸ್ಕೋರೂ ಕಮ್ಮಿ ಅಂತ ನಮ್ಮ ಕೋಲಾರದ ಕಡೆ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. 300ರಿಂದ 900ರವರೆಗಿನ ಆ ಅಂಕಿಯಲ್ಲಿ ನಿಮ್ಮ ಆದಾಯದ ಲೆಕ್ಕವೇ ಇರುವುದಿಲ್ಲ. ಬ್ಯಾಂಕು, ಫೈನಾನ್ಸಿನವರ ಹತ್ತಿರ ತೆಗೆದ ಸಾಲ, ಅದರ ಕಂತು ಕಟ್ಟಿದ ರೀತಿ, ಅಷ್ಟೇ. ಹಾಗಾದರೆ ಬಡವರಿಗೆ ನ್ಯಾಯ ಸಿಕ್ಕಿತಾ? ಇಲ್ಲ ಸ್ವಾಮಿ! ಬಡವರು ತೀರಿಸುವ ಸಾಲ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಮುಳಬಾಗಿಲು ಕಡೆ ಒಬ್ಬರು ಅಕ್ಕ ಇದ್ದಾರೆ. ಎರಡು ಹಸು. ಹಿಂಡಿ, ಬೂಸಾ ಅಂಗಡಿಯಲ್ಲಿ ಸಾಲ ಬರೆಸುತ್ತಾರೆ, ಡೇರಿ ಬಟವಾಡೆ ಬಂದ ದಿನವೇ ಚುಕ್ತಾ. ಊರ ಚೀಟಿ ಒಂದು ತಿಂಗಳೂ ತಪ್ಪಿಸಿದವರಲ್ಲ. ಇನ್ನೊಂದು ಹಸುವಿಗೆ ಸಾಲ ಕೇಳಲು ಒಂದು ಬ್ಯಾಂಕಿಗೆ ಹೋದರು. ನಾನೂ ಜೊತೆಗಿದ್ದೆ. ಅಲ್ಲಿಯವರು ಕಂಪ್ಯೂಟರ್ ನೋಡಿ, 'ಅಮ್ಮಾ, ನಿಮಗೆ ಸ್ಕೋರೇ ಇಲ್ಲ' ಅಂದರು.

'ನಾನು ಎಲ್ಲೂ ಬಾಕಿ ಉಳಿಸಿಕೊಂಡಿಲ್ಲ ಸಾರ್.'

'ಅದಲ್ಲಮ್ಮ, ಎಲ್ಲಾದರೂ ಸಾಲ ಮಾಡಿರಬೇಕಿತ್ತು!'

ಆಯಮ್ಮ ನನ್ನ ಮುಖ ನೋಡಿದರು. ನಾನೇನು ಹೇಳಲಿ? ಅವರ ಮೈದುನ ನರಸಾಪುರದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾನೆ. ಕಂತಿನಲ್ಲಿ ಮೊಬೈಲ್ ತಗೊಂಡ. ಕಂತು ಅಕೌಂಟಿನಿಂದ ತಾನಾಗಿ ಹೋಗುತ್ತಿತ್ತು. ಒಳ್ಳೆ ಸ್ಕೋರ್ ಬಂತು, ಬೈಕಿಗೂ ಸಾಲ ಸಿಕ್ಕಿತು. ಅತ್ತಿಗೆ ಹತ್ತಿರ ತಗೊಂಡ ಹತ್ತು ಸಾವಿರ ಕೈಸಾಲ ಮಾತ್ರ ಇನ್ನೂ ಕೊಟ್ಟಿಲ್ಲ! ಅದು ಸಿಬಿಲ್‌ಗೆ ಗೊತ್ತಾ? ಗೊತ್ತಿಲ್ಲ. ಕೊಟ್ಟ ಅತ್ತಿಗೆಯೂ ಗೊತ್ತಿಲ್ಲ.

ಅದಕ್ಕೇ ಹೇಳುವುದು, ಸ್ಕೋರ್ ಇಲ್ಲ ಅಂದರೆ ಕೆಟ್ಟ ಸ್ಕೋರ್ ಅಂತಲ್ಲ. ಮೊದಲ ಸಲ ಸಾಲ ಕೇಳುವವರನ್ನು, ಹಳೇ ಸಾಲದ ದಾಖಲೆ ಇಲ್ಲ ಅನ್ನುವ ಒಂದೇ ಕಾರಣಕ್ಕೆ ವಾಪಸ್ ಕಳಿಸಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. 2025ರಲ್ಲಿ ಹಣಕಾಸು ಸಚಿವಾಲಯ ಲೋಕಸಭೆಯಲ್ಲೂ ಇದನ್ನೇ ಹೇಳಿತು. ಬ್ಯಾಂಕಿನಲ್ಲಿ ಈ ಮಾತು ಎತ್ತಿ. ಸುಮ್ನೆ ಎದ್ದು ಬರಬೇಡಿ. ಸ್ಕೋರ್ ಇಲ್ಲ ಅಂದರೆ ಕೆಟ್ಟ ಸ್ಕೋರ್ ಅಲ್ಲ, ಅಲ್ವಾ?

ನಿಲಯದವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ನಮ್ಮ ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ವರದಿ ಪುಕ್ಕಟೆ ಕೊಡಬೇಕು. ಅದಕ್ಕೆ ದುಡ್ಡು ಕೇಳುವ ಏಜೆಂಟ್ ಬೇಡ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ನಿಮಗೆ ಪರಿಹಾರ. ಜಾಮೀನು ಹಾಕುವವರೂ ಹುಷಾರು, ಸಾಲ ತಗೊಂಡವರು ಕಟ್ಟದಿದ್ದರೆ ಪೆಟ್ಟು ನಿಮ್ಮ ಸ್ಕೋರಿಗೂ ಬೀಳುತ್ತದೆ. ಇನ್ನು 'ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ' ಅನ್ನುವವರ ವಿಷಯ... ಅದನ್ನು ಇನ್ನೊಂದು ದಿನ ಕರೆದರೆ ಹೇಳುತ್ತೇನೆ. ನಮಸ್ಕಾರ.