ಎಳವೆಯಲ್ಲಿ ಹಾಕಿಸಿದ ಹೆಪಟೈಟಿಸ್ ಬಿ ಲಸಿಕೆ ಎಷ್ಟು ವರ್ಷ ಕಾಯುತ್ತದೆ?

[ದೃಶ್ಯ: ಮೇಜಿನ ಮೇಲೆ ಒಂದು ಲ್ಯಾಬ್ ರಿಪೋರ್ಟ್. ‘ಆಂಟಿ-ಎಚ್‌ಬಿಎಸ್: 4’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ಮಡಿಕೆಯ ಗುಂಟ ಹರಿಯತೊಡಗಿದ ತಾಯಿ ಕಾರ್ಡ್.]

ನಿರೂಪಣೆ: ನರ್ಸಿಂಗ್ ಕಾಲೇಜಿಗೆ ಈಗಷ್ಟೇ ಸೇರಿದ ಹದಿನೆಂಟರ ಹುಡುಗಿಯ ಕೈಗೆ ಇಂಥ ರಿಪೋರ್ಟ್ ಬಂದಿದೆ ಎಂದುಕೊಳ್ಳೋಣ. ಆಂಟಿ-ಎಚ್‌ಬಿಎಸ್ ಎಂದರೆ ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸಿನ ವಿರುದ್ಧ ಹೋರಾಡುವ ಪ್ರತಿಕಾಯಗಳ ಅಳತೆ. ಕನಿಷ್ಠ 10 ಇರಬೇಕಾದ ಆ ಅಂಕಿ 4ಕ್ಕೆ ಇಳಿದಿದೆ. ತಾಯಿ ಕಾರ್ಡಿನಲ್ಲಿ ನೋಡಿದರೆ ಎಲ್ಲ ಡೋಸುಗಳ ದಿನಾಂಕವೂ ಇದೆ. ಹಾಗಾದರೆ ಲಸಿಕೆಯ ಬಲ ಮುಗಿದೇ ಹೋಯಿತೇ ಎಂದು ಮನೆಯವರು ಗಾಬರಿಯಾಗುವುದು ಸಹಜ.

ಈ ಪ್ರಶ್ನೆ ಈಗ ಹೆಚ್ಚು ಮನೆಗಳಲ್ಲಿ ಏಳುವುದಕ್ಕೆ ಕಾರಣವಿದೆ. ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಲಸಿಕೆ 2002-03ರಲ್ಲಿ ಕೆಲವು ಜಿಲ್ಲೆ ಮತ್ತು ನಗರಗಳಲ್ಲಷ್ಟೇ ಆರಂಭವಾಗಿ, 2007-08ರಲ್ಲಿ ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ ವಿಸ್ತರಿಸಿತು. ಆಗ ತೊಡೆಗೆ ಸೂಜಿ ಚುಚ್ಚಿಸಿಕೊಂಡ ಕೂಸುಗಳು ಈಗ ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ.

[ದೃಶ್ಯ: ರೇಖಾಚಿತ್ರ. ಪ್ರತಿಕಾಯಗಳ ಗೆರೆ ಕೆಳಗಿಳಿಯುತ್ತದೆ. ಅದರಡಿ ನೆನಪಿನ ಕೋಶಗಳು ಹಾಗೆಯೇ ಉಳಿದಿರುತ್ತವೆ.]

ಆ ಅಂಕಿ ಅಳೆಯುವುದು ರಕ್ತದಲ್ಲಿ ಈ ಹೊತ್ತು ಓಡಾಡುತ್ತಿರುವ ಪ್ರತಿಕಾಯಗಳನ್ನು ಮಾತ್ರ. ಹುಟ್ಟಿದ ವರ್ಷದಲ್ಲೇ ಲಸಿಕೆ ಪಡೆದವರಲ್ಲಿ ಹದಿನೆಂಟು ವರ್ಷಗಳ ನಂತರ ಸುಮಾರು ಶೇ 16ರಷ್ಟು ಮಂದಿಗಷ್ಟೇ ಅದು 10 ಅಥವಾ ಅದಕ್ಕಿಂತ ಮೇಲಿರುತ್ತದೆ. ಅಂದರೆ ನಮ್ಮ ಹುಡುಗಿಯ 4 ಅಪರೂಪದ ಸಂಗತಿಯೇನಲ್ಲ. ಲಸಿಕೆಯು ವೈರಸ್ಸಿನ ಹೊರಮೈಯ ಪ್ರೋಟೀನನ್ನು ಒಮ್ಮೆ ಗುರುತು ಹಿಡಿಸಿದ ಮೇಲೆ ನೆನಪಿನ ಕೋಶಗಳು ದೇಹದಲ್ಲಿ ಉಳಿದುಕೊಳ್ಳುತ್ತವೆ, ಮತ್ತು ವೈರಸ್ ಎದುರಾದರೆ ಅವು ಕೆಲವೇ ದಿನಗಳಲ್ಲಿ ಹೊಸ ಪ್ರತಿಕಾಯಗಳನ್ನು ತಯಾರಿಸತೊಡಗುತ್ತವೆ. ಹೆಪಟೈಟಿಸ್ ಬಿ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ಐದು ತಿಂಗಳು ಹಿಡಿಯುವುದರಿಂದ ಅವುಗಳಿಗೆ ಬೇಕಾದಷ್ಟು ಕಾಲಾವಕಾಶ ಸಿಗುತ್ತದೆ.

ಇದನ್ನು ನಾವು ನಂಬುವುದಕ್ಕೆ ಅಲಾಸ್ಕಾದ ಮೂಲನಿವಾಸಿಗಳಿಗೆ ಋಣಿಗಳಾಗಿರಬೇಕು. 1981ರಲ್ಲಿ ಅಲ್ಲಿ ಆರು ತಿಂಗಳ ಮಕ್ಕಳಿಂದ ಹಿಡಿದು ಹಿರಿಯರವರೆಗೆ 1,578 ಮಂದಿಗೆ ಲಸಿಕೆ ಹಾಕಿ, ದಶಕಗಳ ಕಾಲ ಅವರ ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ ಬರಲಾಯಿತು. ಲಸಿಕೆ ಪಡೆದಾಗ ಎಲ್ಲರೂ ಕೂಸುಗಳಾಗಿರದ ಈ ಗುಂಪಿನಲ್ಲಿ ಮೂವತ್ತು ವರ್ಷಗಳ ನಂತರ, ನಡುವೆ ಯಾವ ಬೂಸ್ಟರನ್ನೂ ಪಡೆಯದ 243 ಮಂದಿಯಲ್ಲಿ ಶೇ 51ರಷ್ಟು ಜನರ ಅಂಕಿ 10 ಅಥವಾ ಅದಕ್ಕಿಂತ ಮೇಲೆಯೇ ಇತ್ತು. ಅಂಕಿ ಇಳಿದಿದ್ದವರ ಪೈಕಿ ಒಂದು ಬೂಸ್ಟರ್ ಪಡೆದವರಲ್ಲಿ ಶೇ 88ರಷ್ಟು ಮಂದಿಯ ಪ್ರತಿಕಾಯಗಳು ತಿಂಗಳೊಳಗೆ ಮತ್ತೆ ಏರಿದವು: ಮೂರು ದಶಕಗಳ ಹಳೆಯ ಪರಿಚಯವನ್ನು ದೇಹ ಮರೆತಿರಲಿಲ್ಲ.

1984ರಲ್ಲಿ ನವಜಾತ ಶಿಶುಗಳ ಲಸಿಕಾ ಕಾರ್ಯಕ್ರಮ ಆರಂಭಿಸಿದ ತೈವಾನಿನ ಅನುಭವವೂ ಭರವಸೆ ತರುತ್ತದೆ. ಅಲ್ಲಿ ಮಕ್ಕಳಲ್ಲಿ ಸುಮಾರು ಶೇ 10ರಷ್ಟಿದ್ದ ದೀರ್ಘಕಾಲದ ಸೋಂಕು ಶೇ 1ಕ್ಕಿಂತ ಕೆಳಗೆ ಬಂದದ್ದಲ್ಲದೆ, ಮಕ್ಕಳ ಲಿವರ್ ಕ್ಯಾನ್ಸರ್ ಕೂಡ ಕಡಿಮೆಯಾಯಿತು.

ಆದ್ದರಿಂದಲೇ, ಎಲ್ಲ ಡೋಸುಗಳನ್ನು ಪಡೆದ ಆರೋಗ್ಯವಂತ ಯುವಜನರಿಗೆ ಬೂಸ್ಟರ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರ ವಿಷಯ ಬೇರೆ. ಅವರು ವೈದ್ಯರ ಸಲಹೆಯಂತೆ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ನನ್ನನ್ನು ನಿಜವಾಗಿ ಕಾಡುವುದು ಹುಟ್ಟಿದ 24 ಗಂಟೆಗಳೊಳಗೆ ಸಿಗಬೇಕಾದ ಮೊದಲ ಡೋಸ್ ತಪ್ಪಿಹೋಗುವುದು, ಏಕೆಂದರೆ ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಸೋಂಕು ತಗಲಿದ ಹತ್ತು ಕೂಸುಗಳಲ್ಲಿ ಒಂಬತ್ತಕ್ಕೆ ಅದು ದೀರ್ಘಕಾಲ ಉಳಿದುಬಿಡುತ್ತದೆ.

[ದೃಶ್ಯ: ಮತ್ತೆ ಮೊದಲಿನ ರಿಪೋರ್ಟ್.]

ಇನ್ನು ನಮ್ಮ ನರ್ಸಿಂಗ್ ವಿದ್ಯಾರ್ಥಿನಿ. ದಿನವೂ ರಕ್ತ ಮತ್ತು ಸೂಜಿಗಳ ನಡುವೆ ಕೆಲಸ ಮಾಡಬೇಕಾದವಳಾದ್ದರಿಂದ ಅವಳು ಒಂದು ಡೋಸ್ ಹಾಕಿಸಿಕೊಂಡು, ಒಂದೆರಡು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು. ಅಂಕಿ 10 ದಾಟಿದರೆ ಅಲ್ಲಿಗೆ ಸಾಕು. ದಾಟದಿದ್ದರೆ ಇನ್ನೆರಡು ಡೋಸುಗಳನ್ನು ಪೂರೈಸಿ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ. 10 ದಾಟಿದ ಆ ರಿಪೋರ್ಟನ್ನು ತಾಯಿ ಕಾರ್ಡಿನ ಜೊತೆಗೇ ಜೋಪಾನವಾಗಿ ಇಟ್ಟುಕೊಳ್ಳಲಿ, ಏಕೆಂದರೆ ಮುಂದೆ ಕೆಲಸಕ್ಕೆ ಸೇರುವಾಗ ಆಸ್ಪತ್ರೆಯವರು ಕೇಳುವುದು ಅದನ್ನೇ.