ಚಪ್ಪರ ಬಿಚ್ಚಿದ ಮೇಲಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಸಿಕ್ಕಿದೆ. 2036ರ ಒಲಿಂಪಿಕ್ಸೂ ನಮ್ಮಲ್ಲೇ ಆಗಲಿ ಎಂಬ ಆಸೆ ಇದೆ. ಆಸೆ ಪಡುವುದರಲ್ಲಿ ತಪ್ಪೇನಿಲ್ಲ. ನನ್ನದು ಒಂದೇ ತಕರಾರು. ಇಂಥ ಕೂಟದಿಂದ ಊರಿಗೆ ಏನು ಸಿಕ್ಕಿತು ಅಂತ ನಾವು ಲೆಕ್ಕ ಮುಗಿಸುವುದು ಚಪ್ಪರ ಬಿಚ್ಚುವ ಮೊದಲೇ. ಅಷ್ಟು ಬೇಗ ಏನು ಗೊತ್ತಾಗುತ್ತದೆ?

ಕೆನಡಾದ ಮಾಂಟ್ರಿಯಲ್ ನೋಡಿ. ಅಲ್ಲಿ ಒಲಿಂಪಿಕ್ಸ್ ನಡೆದದ್ದು 1976ರಲ್ಲಿ. ಗಂಡಸು ಹೇಗೆ ಹೆರುವುದಿಲ್ಲವೋ ಹಾಗೆ ಒಲಿಂಪಿಕ್ಸಿನಲ್ಲಿ ನಷ್ಟವೂ ಆಗುವುದಿಲ್ಲ ಎಂದು ಮೇಯರ್ ಝಾನ್ ದ್ರಾಪೊ ಮೊದಲೇ ಹೇಳಿದ್ದರು. ಕೂಟ ಮುಗಿಯಿತು, ಸಾಲ ಉಳಿಯಿತು. ಸ್ಟೇಡಿಯಂನ ಚಾವಣಿ ಕೂಟದ ಹೊತ್ತಿಗೆ ಆಗಿರಲೇ ಇಲ್ಲ. ಆಮೇಲೆ ಹಾಕಿದ್ದು ಮತ್ತೆ ಮತ್ತೆ ಹರಿಯಿತು. ಸಿಗರೇಟು ಸೇದುವವರ ಮೇಲೆ ವಿಶೇಷ ತೆರಿಗೆ ಹಾಕಿ ಆ ಸಾಲ ತೀರಿಸಿದ್ದು 2006ರಲ್ಲಿ. ನಮ್ಮ ಮಂಗಳೂರು ಆಕಾಶವಾಣಿ ಶುರುವಾದದ್ದೂ 1976ರಲ್ಲೇ. ಅಂದರೆ ಈ ನಿಲಯಕ್ಕೆ ಮೂವತ್ತು ತುಂಬುವವರೆಗೂ ಅವರು ಸಾಲ ಕಟ್ಟುತ್ತಲೇ ಇದ್ದರು!

ಆಮೇಲೆ ಕೂಟದಿಂದ ಊರಿಗೆ ಏನಾಯಿತು ಅಂತ ಅಳೆಯಲು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ ಒಂದು ಕ್ರಮ ತಂದಿತು. ನೀರು, ಗಾಳಿ, ಮನೆ, ಉದ್ಯೋಗ ಹೀಗೆ ನೂರಕ್ಕೂ ಜಾಸ್ತಿ ಸಂಗತಿ ಅದರಲ್ಲಿದ್ದವು. ಊರು ಆಯ್ಕೆಯಾಗುವ ಎರಡು ವರ್ಷ ಮೊದಲಿನಿಂದಲೇ ಎಣಿಕೆ. ಇದು ಒಳ್ಳೆಯದೇ. ಆದರೆ ಕೂಟ ಮುಗಿದ ಮೂರು ವರ್ಷಕ್ಕೆ ಪುಸ್ತಕ ಮುಚ್ಚಿಬಿಡುತ್ತಿದ್ದರು. ಮಾಂಟ್ರಿಯಲ್‌ನಂಥ ಸಾಲ ಅದರಲ್ಲಿ ಎಲ್ಲಿ ಕಾಣಬೇಕು? ಲಾಭದ ಕಥೆಯೂ ಅಷ್ಟೇ. 1992ರ ಕೂಟದ ನೆಪದಲ್ಲಿ ಬಾರ್ಸಿಲೋನಾದವರು ಹಳೇ ಕಾರ್ಖಾನೆಗಳನ್ನು ತೆಗೆದು ಕಡಲ ಕಿನಾರೆಯನ್ನು ಜನರಿಗೆ ಬಿಟ್ಟುಕೊಟ್ಟರು. ಎಲ್ಲರೂ ಹೊಗಳಿದರು. ಈಗ ಅದೇ ಊರಿನವರು ಪ್ರವಾಸಿಗರು ಮಿತಿ ಮೀರಿದರು, ಬಾಡಿಗೆ ಕೈಗೆಟುಕುವುದಿಲ್ಲ ಅಂತ ಬೀದಿಗಿಳಿದಿದ್ದಾರೆ.

ಇನ್ನೊಂದು ವಿಷಯ. ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ದೊಡ್ಡ ಕೂಟ ಇಟ್ಟುಕೊಂಡರೆ ಲಾಡ್ಜ್‌ಗಳೆಲ್ಲ ಫುಲ್. ಆದರೆ ಕ್ರಿಸ್ಮಸ್ಸಿಗೆ ಊರಿಗೆ ಬರುವವರು, ಮದುವೆಯವರು, ಉಡುಪಿ, ಧರ್ಮಸ್ಥಳ ಅಂತ ಹೊರಟವರು ಇದ್ದೇ ಇರುತ್ತಾರೆ ಅಲ್ವಾ? ಕೂಟ ಇಲ್ಲದಿದ್ದರೂ ಆಗುತ್ತಿದ್ದ ವ್ಯಾಪಾರ ಕಳೆದು ಉಳಿದದ್ದು ಮಾತ್ರ ಕೂಟದ್ದು. ಲಂಡನ್ ಒಲಿಂಪಿಕ್ಸ್ ನಡೆದ 2012ರ ಆಗಸ್ಟಿನಲ್ಲಿ ಬ್ರಿಟನ್ನಿಗೆ ಬಂದ ವಿದೇಶಿಯರು ಹಿಂದಿನ ಆಗಸ್ಟಿಗಿಂತ ಕಡಿಮೆ. ಬಂದವರು ಖರ್ಚು ಮಾತ್ರ ಜಾಸ್ತಿ ಮಾಡಿದರು.

ನಮ್ಮಲ್ಲೂ ಅಳೆಯಲು ಜಾಗ ಇದೆ. ಮೂಲ್ಕಿ ಹತ್ತಿರ, ಶಾಂಭವಿ, ನಂದಿನಿ ನದಿಗಳು ಕಡಲು ಸೇರುವಲ್ಲಿ ಸಸಿಹಿತ್ಲು. 2016ರಲ್ಲಿ ಅಲ್ಲಿ ಬೋರ್ಡ್ ಮೇಲೆ ನಿಂತು ಅಲೆಗಳ ಮೇಲೆ ಜಾರುವ ಸರ್ಫಿಂಗ್ ಸ್ಪರ್ಧೆ ನಡೆಯಿತು. ನೋಡಲು ಎಷ್ಟು ಜನ ಸೇರಿದರು ಅನ್ನುವುದು ಸುಮ್ನೆ ಪೇಪರಿನ ಸುದ್ದಿ. ಮೀನುಗಾರರ ಮನೆಯ ಎಷ್ಟು ಮಕ್ಕಳು ಬೋರ್ಡ್ ಹಿಡಿದರು? ಅವರಲ್ಲಿ ಎಷ್ಟು ಮಂದಿ ಇವತ್ತು ಬೇರೆಯವರಿಗೆ ಕಲಿಸಿ ಸಂಪಾದಿಸುತ್ತಾರೆ? ಮಳೆಗಾಲದಲ್ಲಿ ದೋಣಿ ಇಳಿಯದ ದಿನಗಳಲ್ಲಿ ಆ ಮನೆಗಳಿಗೆ ಇದರಿಂದ ಏನಾದರೂ ಬಂತಾ? ಕಿನಾರೆಯ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ? ಕಡಲ್ಕೊರೆತವನ್ನು ಮಾತ್ರ ಸ್ಪರ್ಧೆಯ ತಲೆಗೆ ಕಟ್ಟಬೇಡಿ. ಅದು ಬೇರೆ ಖಾತೆ.

ಸಂಘಟನಾ ಸಮಿತಿ ಕೂಟ ಮುಗಿದ ಮೇಲೆ ಚದುರಿ ಹೋಗುತ್ತದೆ. ಹಾಗಾಗಿ ಕೂಟಕ್ಕೆ ಮೊದಲೇ ಮನೆಮನೆಗೆ ಹೋಗಿ ಮಾಡಿದ ಎಣಿಕೆಯ ಕಡತ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಂಥ ಕಡೆ ಇರಲಿ. ಐದನೇ ವರ್ಷ, ಹದಿನೈದನೇ ವರ್ಷ ವಿದ್ಯಾರ್ಥಿಗಳು ಅದೇ ಮನೆಗಳಿಗೆ ಹೋಗಿ ಅದೇ ಪ್ರಶ್ನೆ ಕೇಳಲಿ. ಅದರ ಖರ್ಚನ್ನು ಕೂಟದ ಬಜೆಟ್ಟಿನಲ್ಲೇ ಮೊದಲು ತೆಗೆದಿಡಬೇಕು. ಮುಗಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ನಮಸ್ಕಾರ.